ಕೇಳದೆ ಓಕೆ ಅಂದ ವಾಚು

ಲೈನ್‌ಮನ್ ವೆಂಕಟರಮಣನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಫೋನು ಹೊಡೆದುಕೊಂಡರೆ ಸಾಕಿತ್ತು. ಕಮ್ಮರಡಿ ಸುತ್ತಿನ ಊರುಗಳಲ್ಲಿ ಕರೆಂಟು ಹೋದರೆ ಜನ ಮೇಣದ ಬತ್ತಿ ಹುಡುಕುವ ಮೊದಲು ಅವನ ನಂಬರು ಒತ್ತುತ್ತಿದ್ದರು.

"ರಮಣಣ್ಣ, ಕರೆಂಟ್ ಯಾವಾಗ ಬರುತ್ತೆ?"

"ನಿಮ್ಮನೆ ಕರೆಂಟ್ ನನ್ನ ಜೇಬಲ್ಲಿ ಇದ್ಯಾ?"

"ಹಂಗಲ್ಲ ಮಾರ್ರೆ, ಮಿಕ್ಸಿಲಿ ಹಿಟ್ಟು ಅರ್ಧ ತಿರುಗಿದೆ."

"ಹಂಗಾದ್ರೆ ಅರ್ಧ ದೋಸೆ ತಿನ್ನಿ."

ಹೀಗೆ ಬೈಸಿಕೊಂಡವರು ಮರುದಿನ ಮತ್ತೆ ಅವನಿಗೇ ಫೋನು ಮಾಡುತ್ತಿದ್ದರು. ಏಕೆಂದರೆ ಬೈದು ಮುಗಿಸಿದ ಮೇಲೆ ಆ ಮನುಷ್ಯ ಬೈಕು ಹತ್ತಿ ಬಂದೇ ಬರುತ್ತಿದ್ದ. ಆಫೀಸಿನ ನಂಬರಿಗೆ ಫೋನು ಮಾಡಿದರೆ ಮರ್ಯಾದೆಯ ಮಾತು ಸಿಗುತ್ತಿತ್ತು, ಕರೆಂಟು ಸಿಗುತ್ತಿರಲಿಲ್ಲ.

ಅವನು ಓದಿದ್ದು ಏಳನೇ ಕ್ಲಾಸಿನ ತನಕ. ಅದೂ ಪೂರ್ತಿಯಲ್ಲ. ಮೇಷ್ಟ್ರು ಇವನ ಮೇಲೆ ಸೀಮೆಸುಣ್ಣ ಎಸೆದರು, ಇವನು ಅದನ್ನೇ ಎತ್ತಿ ಮೇಷ್ಟ್ರ ಮೇಲೆ ಎಸೆದ. ಅಲ್ಲಿಗೆ ವಿದ್ಯೆ ಮುಗಿಯಿತು. ಮನೆಯ ಗದ್ದೆ ಅಣ್ಣಂದಿರಿಗೇ ಸಾಲುತ್ತಿರಲಿಲ್ಲವಾದ್ದರಿಂದ ಕಂಬ ನೆಡುವ ಗ್ಯಾಂಗಿಗೆ ಸೇರಿದ. ಜಾರುವ ಕೆಸರಿನಲ್ಲಿ ಗುಂಡಿ ತೆಗೆಯುವುದು, ಲಾರಿ ಹೋಗದ ಕಡೆಗೆ ಸಿಮೆಂಟಿನ ಕಂಬವನ್ನು ಹೆಗಲ ಮೇಲೆ ಹೊತ್ತು ಒಯ್ಯುವುದು, ಇದೇ ಕೆಲಸ. ಅಡ್ಡಗದ್ದೆ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಬಲ್ಬು ಹೊತ್ತಿದ್ದು ಅವನ ಹೆಗಲ ಚರ್ಮ ಸುಲಿದ ಮೇಲೆ. ಆಮೇಲೆ ಕೆಲಸ ಕಾಯಂ ಆಯಿತು, ಮದುವೆಯಾಯಿತು, ಗಗನಾ ಹುಟ್ಟಿದಳು. ಸಿಟ್ಟು ಮಾತ್ರ ಗ್ಯಾಂಗಿನಲ್ಲಿದ್ದಾಗ ಎಷ್ಟಿತ್ತೋ ಅಷ್ಟೇ ಉಳಿಯಿತು. ಹೆಂಡತಿ ಯಮುನಮ್ಮ ಅದನ್ನು ಮನೆಯ ಇನ್ನೊಬ್ಬ ಸದಸ್ಯ ಅಂತಲೇ ಲೆಕ್ಕ ಹಿಡಿದಿದ್ದಳು.

ಆದರೆ ಒಂದು ವಿಷಯದಲ್ಲಿ ಅವನ ಸಿಟ್ಟಿಗೆ ಎದುರಾಡುವವರು ಇರಲಿಲ್ಲ. ಅದು ಎಲ್‌ಸಿ. ಲೈನ್ ಕ್ಲಿಯರ್ ಅಂತ ಅದರ ಪೂರ್ತಿ ಹೆಸರು. ಕಂಬ ಹತ್ತುವ ಮೊದಲು ಕರೆಂಟು ಬಿಡುವ ಸ್ಟೇಷನ್ನಿಗೆ ಹೇಳಿ ಆ ಲೈನನ್ನು ಬಂದ್ ಮಾಡಿಸಬೇಕು. ಎಲ್‌ಸಿ ಯಾರ ಹೆಸರಿನಲ್ಲಿ ಆಗಿದೆಯೋ ಅವನೇ ಮತ್ತೆ ಮಾತಾಡಿ, ಕೆಲಸ ಮುಗಿಯಿತು, ಎಲ್ಲರೂ ಇಳಿದಿದ್ದಾರೆ ಅನ್ನುವ ತನಕ ಸ್ಟೇಷನ್ನಿನವರು ಸ್ವಿಚ್ಚು ಮುಟ್ಟುವಂತಿಲ್ಲ. ಎಲ್‌ಸಿ ಆದ ಮೇಲೂ ವೆಂಕಟರಮಣ ತಂತಿಗೆ ಸರಪಳಿ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಹುಗಿಯದೆ ಯಾರನ್ನೂ ಮೇಲೆ ಹತ್ತಿಸುತ್ತಿರಲಿಲ್ಲ. ಯಾವನೋ ತಪ್ಪಿ ಲೈನು ಬಿಟ್ಟರೂ ಕರೆಂಟು ನೆಲಕ್ಕೆ ಹೋಗಲಿ, ಮನುಷ್ಯನ ಮೈಗೆ ಬೇಡ. ತಡವಾಗುತ್ತೆ ಅಂದವರಿಗೆ ಅವನ ಉತ್ತರ ಒಂದೇ, "ನಿನ್ನ ತಿಥಿ ಊಟಕ್ಕೂ ತಡವಾಗ್ಲಿ ಅಂತಲೇ ಹಾಕ್ತಿರೋದು."

ಇಷ್ಟು ಕಟ್ಟುನಿಟ್ಟಿನ ಮನುಷ್ಯನೂ ಒಂದು ಕಡೆ ಸಡಿಲ ಬಿಟ್ಟಿದ್ದ. ಅವನೊಬ್ಬನೇ ಅಲ್ಲ, ಆ ಸೀಮೆಯ ಲೈನ್‌ಮನ್‌ಗಳೆಲ್ಲ ಬಿಟ್ಟಿದ್ದರು. ಗುಡ್ಡದ ಸಂದಿಗಳಲ್ಲಿ ನೆಟ್‌ವರ್ಕು ಅನ್ನುವುದು ನೆಂಟರ ಹಾಗೆ, ಬಂದರೆ ಬಂತು. ಮಾತು ಶುರುವಾಗುವುದರೊಳಗೆ ಕಟ್ಟಾಗುತ್ತಿತ್ತು. ಮೆಸೇಜಾದರೆ ಹೇಗೋ ತೂರಿಕೊಂಡು ಹೋಗುತ್ತಿತ್ತು. ಹಾಗಾಗಿ ಎಲ್‌ಸಿ ಕೊಡುವುದು, ವಾಪಸ್ ಮಾಡುವುದು ಎಲ್ಲ ವಾಟ್ಸಾಪಿನಲ್ಲೇ ರೂಢಿಯಾಯಿತು. ವಾಕಿಟಾಕಿ ಬರುತ್ತೆ ಅಂತ ಮೇಲಿನವರು ಹೇಳುತ್ತಿದ್ದುದನ್ನು ಕೇಳುತ್ತ ಇಬ್ಬರು ಲೈನ್‌ಮನ್‌ಗಳು ರಿಟೈರಾಗಿ ಹೋಗಿದ್ದರು.

ಯಾವ ಕಂಬದ ಹತ್ತಿರ ಎಲ್ಲಿ ನಿಂತರೆ ಎರಡು ಕಡ್ಡಿ ನೆಟ್‌ವರ್ಕು ಬರುತ್ತೆ ಅನ್ನುವುದು ವೆಂಕಟರಮಣನಿಗೆ ಬಾಯಿಪಾಠ. ಒಂದು ಕಡೆ ಸೇತುವೆಯ ಮೋಟು ಗೋಡೆ, ಒಂದು ಕಡೆ ಬಸ್‌ಸ್ಟ್ಯಾಂಡಿನ ಹಿಂದಿನ ಕಿಟಕಿ, ಇನ್ನೊಂದು ಕಡೆ ರಸ್ತೆ ಪಕ್ಕದ ಎತ್ತರದ ಧರೆಯ ಮೇಲಿನ ನೇರಳೆ ಮರದ ಕವಲು. ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಲಿ ನೇತುಹಾಕಿ ಬರುತ್ತಿದ್ದ. ಅದು ಅಲ್ಲಿ ಕೂಗಿಕೊಂಡರೆ ಇವನು ಕೆಸರಿನಲ್ಲಿ ಓಡಬೇಕು. ಓಡಿ ಮುಟ್ಟುವುದರೊಳಗೆ ಸುಮ್ಮನಾಗುತ್ತಿತ್ತು. ತೆಗೆದು ನೋಡಿದರೆ ಯಾರದೋ ಮಿಕ್ಸಿ.

ಜೂನ್ ಮಳೆ ಹಿಡಿದುಕೊಂಡ ಮೇಲೆ ಒಂದು ದಿನ ಹೀಗೆ ಓಡಿ ಗದ್ದೆಯಂಚಿನ ಮೇಲೆ ಜಾರಿ ಬಿದ್ದು ಮಂಡಿ ಊದಿಸಿಕೊಂಡು ಅವನು ನೇರ ಕೊಪ್ಪದ ಮೊಬೈಲ್ ಅಂಗಡಿಗೆ ಹೋದ. ಮಗಳು ಗಗನಾ ಕೆಲಸಕ್ಕಿದ್ದುದು ಅಲ್ಲೇ. ಅಂಗಡಿಯಲ್ಲಿ ಅವಳು ಯಾರಿಗೋ ಫೋನು ತೋರಿಸುತ್ತಿದ್ದಳು. ಇವನು ತನ್ನ ಫೋನನ್ನು ಗಾಜಿನ ಮೇಲೆ ಕುಕ್ಕಿದ.

"ಇದನ್ನ ತಗಂಡು ಬೇರೆ ಕೊಡು. ದೊಡ್ಡ ದನಿದು. ಊರಿಗೆಲ್ಲ ಕೇಳ್ಬೇಕು."

"ಅಪ್ಪಯ್ಯ, ಫೋನ್ ಚೆನ್ನಾಗೇ ಇದೆ. ನಿಮ್ಮ ತೊಂದ್ರೆ ಎಂತದು ಹೇಳಿ ಮೊದ್ಲು."

"ತೊಂದ್ರೆ ಎಂತದು ಅಂದ್ರೆ, ಫೋನ್ ಇದ್ದಲ್ಲಿ ನಾನಿಲ್ಲ, ನಾನಿದ್ದಲ್ಲಿ ನೆಟ್‌ವರ್ಕ್ ಇಲ್ಲ."

ಗಗನಾ ನಕ್ಕಳು. ನಗಬಾರದಿತ್ತು, ಆದರೆ ಅವಳು ಅವನದೇ ಮಗಳು, ಹೆದರುವ ಪೈಕಿಯಲ್ಲ. ಒಳಗಿಂದ ಒಂದು ವಾಚು ತಂದಳು. ಕರ್ರಗೆ, ಚೌಕಾಕಾರ. "ಇದನ್ನ ಕಟ್ಕಳಿ. ಫೋನ್ ಅಲ್ಲೇ ಮರದಲ್ಲಿ ಇರ್ಲಿ. ಕಾಲ್ ಬಂದ್ರೆ ಇಲ್ಲೇ ಮಾತಾಡಿ, ಮೆಸೇಜ್ ಬಂದ್ರೆ ಇಲ್ಲೇ ಓದಿ."

"ಇಷ್ಟೇ ಇಷ್ಟು ಗಾಜಲ್ಲಿ ಎಂತ ಓದೋದು, ನನ್ನ ತಲೆ. ಫೋನ್ ದೊಡ್ಡದಲ್ವಾ?"

"ಫೋಟೋ ನೋಡಕ್ಕೆ, ಪೇಪರ್ ಓದಕ್ಕೆ ಫೋನೇ ಬೇಕು. ಅದನ್ನ ಯಾರು ಇಲ್ಲ ಅಂತಾರೆ. ಆದ್ರೆ ನಿಮಗೆ ಕೈ ಖಾಲಿ ಇರಲ್ಲ. ಕೈ ಖಾಲಿ ಇಲ್ಲದೋರಿಗೆ ವಾಚು. ಫೋನ್ ದೂರ ಹೋದ್ರೆ ಇದು ಬರೀ ಟೈಮ್ ತೋರಿಸುತ್ತೆ, ಅದೊಂದು ನೆನಪಿಟ್ಕಳಿ."

"ಮಳೇಲಿ ನೆನೆದ್ರೆ?"

"ಬಕೆಟ್ಟಲ್ಲಿ ಮುಳುಗ್ಸಿದ್ರೂ ಎಂತದೂ ಆಗಲ್ಲ. ಆದ್ರೆ ಮಳೇಲಿ ಇರೋವಾಗ ಈ ಹನಿ ಗುರುತು ಇದ್ಯಲ್ಲ, ಇದನ್ನ..."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಯಾರದೋ ಮನೆಯ ಮೋಟಾರು. ವೆಂಕಟರಮಣ ಅಂಗಡಿಯಿಂದ ಹೊರಗೆ ಬಂದು, ರಸ್ತೆಯಲ್ಲಿ ನಿಂತು, ಆ ಮೋಟಾರಿನವನ ಪೂರ್ವಿಕರನ್ನೆಲ್ಲ ವಿಚಾರಿಸಿಕೊಂಡ. ವಾಪಸ್ ಬರುವ ಹೊತ್ತಿಗೆ ಗಗನಾ ವಾಚನ್ನು ಫೋನಿಗೆ ಜೋಡಿಸಿ, ಮೆಸೇಜು ಬಂದಾಗ ಬರೆಯುವ ಕಷ್ಟ ಬೇಡ ಅಂತ ಕೆಳಗೆ ಒತ್ತುವುದಕ್ಕೆ ಮೂರು ಉತ್ತರಗಳನ್ನೂ ಹಾಕಿಟ್ಟಿದ್ದಳು. ಓಕೆ. ಇಲ್ಲ. ಆಮೇಲೆ. ಮೇಲಿನದು ಓಕೆ.

ವಾಚು ಕಟ್ಟಿದ ಮೊದಲ ವಾರ ಅವನು ಯಾರಿಗೂ ತೋರಿಸಲಿಲ್ಲ, ಅಂಗಿಯ ತೋಳು ಇಳಿಬಿಟ್ಟುಕೊಂಡೇ ಓಡಾಡಿದ. ಆದರೆ ಜೊತೆಯ ಲೈನ್‌ಮನ್ ವೀರೇಶನ ಕಣ್ಣಿಗೆ ಬೀಳದ ವಸ್ತುವಿಲ್ಲ. ಅವನು ಇವನಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು, ಕಂಬದ ಮೇಲೆ ಕೋತಿಯ ಹಾಗೆ, ಕೆಳಗಿಳಿದರೂ ಹೆಚ್ಚುಕಡಿಮೆ ಹಾಗೇ.

"ಎಂತ ರಮಣಣ್ಣ, ನಾಡಿ ನೋಡ್ಕಳ್ತಾ ಇದೀರಾ?"

"ನಿನ್ನ ನಾಡಿ ನಿಲ್ಸಿ ನೋಡ್ತೀನಿ ಬಾ."

ಬೈದರೂ ಒಳಗೊಳಗೇ ಅವನಿಗೆ ಅದು ಹಿಡಿಸಿತ್ತು. ಓಡುವುದು ತಪ್ಪಿತು. ಫೋನು ಧರೆಯ ಮೇಲೆ ಮರದಲ್ಲಿ ತೂಗುತ್ತಿದ್ದರೆ ಇವನು ಕಂಬದ ಬುಡದಲ್ಲಿ ನಿಂತು ಸ್ಟೇಷನ್ನಿನ ಮೆಸೇಜು ಓದುತ್ತಿದ್ದ. ಒಂದೇ ಒಂದು ತಕರಾರು ಅಂದರೆ, ಅವನು ಯಾರನ್ನಾದರೂ ಜೋರಾಗಿ ಬೈಯುವಾಗ ಅದು ನಡುಗಿ, ಎದೆಬಡಿತ ಹೆಚ್ಚಾಗಿದೆ, ನಿಧಾನವಾಗಿ ಉಸಿರಾಡಿ ಅನ್ನುತ್ತಿತ್ತು. ಹೆಂಡತಿಯಿಂದ ಕೇಳದ ಮಾತನ್ನು ಮಣಿಕಟ್ಟಿನಿಂದ ಕೇಳುವುದೇ ಅಂತ ಅವನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಅದು ಇನ್ನೊಂದು ಸಲ ನಡುಗುತ್ತಿತ್ತು. ಈ ಜಗಳ ನೋಡಿ ವೀರೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಇನ್ನೊಂದು ಬದಲಾವಣೆ ಅವನ ಗಮನಕ್ಕೆ ಬರಲಿಲ್ಲ. ಮೊದಲು ಫೋನು ಕೈಯಲ್ಲಿ ಹಿಡಿದರೆ ಮಾತ್ರ ಅವನು ಉತ್ತರ ಕೊಡುತ್ತಿದ್ದ. ಹಿಡಿಯಬೇಕಾದರೆ ಹಗ್ಗ ಬಿಡಬೇಕು, ಕೈ ಒರೆಸಿಕೊಳ್ಳಬೇಕು, ಹತ್ತು ಹೆಜ್ಜೆ ನಡೆಯಬೇಕು. ಅಷ್ಟರಲ್ಲಿ ತಲೆ ಎತ್ತಿ ಮೇಲೆ ಯಾರಿದ್ದಾರೆ ಅಂತ ನೋಡುತ್ತಿದ್ದ. ಈಗ ನೋಡುವ ಅಗತ್ಯವೇ ಇರಲಿಲ್ಲ. ಉತ್ತರ ಕೊಡುವ ವಸ್ತು ಅವನ ಚರ್ಮಕ್ಕೇ ಕಟ್ಟಿಕೊಂಡಿತ್ತು.

ಜುಲೈನಲ್ಲಿ ಒಂದು ಬೆಳಿಗ್ಗೆ ಗಾಳಿಗೆ ಮರದ ಕೊಂಬೆ ಮುರಿದು ಕಮ್ಮರಡಿಯಾಚೆಯ ದೊಡ್ಡ ಲೈನಿನ ಮೇಲೆ ಬಿತ್ತು. ನಾಲ್ಕಾರು ಊರು ಕತ್ತಲಾಯಿತು. ಸ್ಟೇಷನ್ನಿನಲ್ಲಿ ಆ ದಿನ ಆಪರೇಟರ್ ವೃಷಭೇಂದ್ರಪ್ಪ. ವೆಂಕಟರಮಣ ಎಲ್‌ಸಿ ಕೇಳಿದ, ಲೈನು ಬಂದ್ ಆಗಿದೆ ಅಂತ ಮೆಸೇಜು ಬಂತು. ಫೋನನ್ನು ಧರೆಯ ಮೇಲಿನ ಮರಕ್ಕೆ ನೇತುಹಾಕಿದ. ತಂತಿಗೆ ಸರಪಳಿ ಸಿಕ್ಕಿಸಿ, ನೆಲದಲ್ಲಿ ಕಬ್ಬಿಣ ಹುಗಿದು, ಕಾಲಿನಿಂದ ತುಳಿದು ನೋಡಿದ. ಆಮೇಲೆ ವೀರೇಶ ಹತ್ತಿದ.

ಕೊಂಬೆ ಇಳಿಸಿದ್ದಾಯಿತು. ಮೇಲೆ ತಂತಿ ಕೂರುವ ಪಿಂಗಾಣಿ ಬಟ್ಟಲು ಒಡೆದಿತ್ತು, ಹೊಸದು ಹಾಕಬೇಕಿತ್ತು. ವೆಂಕಟರಮಣ ಕೆಳಗೆ ನಿಂತು ಹಗ್ಗದಲ್ಲಿ ಸಾಮಾನು ಮೇಲಕ್ಕೆ ಎಳೆಯುತ್ತಿದ್ದ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ರೇನ್‌ಕೋಟಿನ ಒದ್ದೆ ತೋಳು ಮಣಿಕಟ್ಟಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು, ಅದರ ಮೇಲೆ ಹಗ್ಗ ಬೇರೆ. ವಾಚು ಒಮ್ಮೆ ನಡುಗಿತು. ಎರಡೂ ಕೈಯಲ್ಲಿ ಹಗ್ಗ ಇತ್ತು, ಅವನು ನೋಡಲಿಲ್ಲ. ಬೆಳಗಿನಿಂದ ಅದು ನಡುಗುತ್ತಲೇ ಇತ್ತು, ಊರೆಲ್ಲ ಕರೆಂಟು ಕೇಳುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಸರಪಳಿ ಸಿಡಿಯಿತು.

ನೀಲಿ ಬೆಳಕು, ಕಿವಿ ಮುಚ್ಚುವ ಸದ್ದು, ಸುಟ್ಟ ಮಣ್ಣಿನ ವಾಸನೆ. ಕಬ್ಬಿಣ ಹುಗಿದ ಜಾಗದಲ್ಲಿ ಕೆಸರು ಕುದಿದು ಹೊಗೆಯಾಡಿತು. ಮೇಲೆ ವೀರೇಶ ಬೆಲ್ಟಿನಲ್ಲಿ ಹಿಂದಕ್ಕೆ ಜೋತುಬಿದ್ದಿದ್ದ, ತಲೆ ಕೆಳಗೆ, ಹೆಲ್ಮೆಟು ಗದ್ದೆಯಲ್ಲಿ.

"ವೀರೇಶ. ಏ ವೀರೇಶ. ಮಾತಾಡೋ."

ಮೇಲಿನಿಂದ ಮಾತು ಬರಲಿಲ್ಲ. ವೆಂಕಟರಮಣ ಇನ್ನೂ ನೋವು ಬಿಡದ ಮಂಡಿಯಲ್ಲೇ ಕಂಬ ಹತ್ತಿದ. ಅರ್ಧಕ್ಕೆ ಹೋಗುವಾಗ ಮೇಲಿಂದ ಕೆಮ್ಮು ಕೇಳಿತು. ಆಮೇಲೆ ಒಂದು ಸಣ್ಣ ದನಿ.

"ರಮಣಣ್ಣ, ಲೈನ್ ಯಾರು ಬಿಟ್ಟಿದ್ದು?"

ಸರಪಳಿ ತಂತಿಯ ಬೆಂಕಿಯನ್ನು ನೆಲಕ್ಕೆ ಎಳೆದುಕೊಂಡಿತ್ತು, ಸ್ಟೇಷನ್ನಿನಲ್ಲಿ ಲೈನು ಮರುಗಳಿಗೆಯಲ್ಲೇ ತಾನಾಗಿ ಬಂದ್ ಆಗಿತ್ತು. ವೀರೇಶನ ಬಲ ಅಂಗೈ ಸುಟ್ಟಿತ್ತು, ಹುಬ್ಬು ಕರಟಿತ್ತು, ಜೀವ ಇತ್ತು. ವೆಂಕಟರಮಣ ಅವನನ್ನು ಇಳಿಸಿ, ಮರದಿಂದ ಫೋನು ಬಿಚ್ಚಿಕೊಂಡು, ದಾರಿಯಲ್ಲಿ ಸಿಕ್ಕ ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಹೆದರಬೇಡಿ ಅಂದ ಮೇಲೆ ಅವನಿಗೆ ಹೆದರಿಕೆ ಹೋಗಿ ಸಿಟ್ಟು ಬಂತು. ಅಂಥ ಸಿಟ್ಟು ಅವನಿಗೇ ಹೊಸದು. ಬಾಯಿಗೆ ಬೈಗುಳವೇ ಬರಲಿಲ್ಲ. ಅಲ್ಲಿದ್ದ ಪರಿಚಯದವನ ಬೈಕು ಇಸಿದುಕೊಂಡು ಸೀದಾ ಸ್ಟೇಷನ್ನಿಗೆ ಹೋಗಿ, ರೇನ್‌ಕೋಟನ್ನೂ ಬಿಚ್ಚದೆ, ಮೀಟರುಗಳ ಮುಂದೆ ಕೂತಿದ್ದ ವೃಷಭೇಂದ್ರಪ್ಪನ ಕಾಲರು ಹಿಡಿದು ಎಬ್ಬಿಸಿದ.

"ಎಷ್ಟು ಜನನ್ನ ಕೊಂದ್ರೆ ನಿಮಗೆ ರಿಟೈರ್ಮೆಂಟ್ ಕೊಡ್ತಾರೆ?"

"ಕೈ ಬಿಡೋ. ಬಿಡು ಅಂದೆ."

"ಎಲ್‌ಸಿ ನನ್ನ ಹೆಸರಲ್ಲಿದೆ. ನಾನು ವಾಪಸ್ ಕೊಟ್ಟಿಲ್ಲ. ವೀರೇಶ ಮೇಲಿದ್ದ. ನೀವು ಲೈನ್ ಬಿಟ್ರಿ. ಕುಡ್ದಿದೀರಾ?"

ವೃಷಭೇಂದ್ರಪ್ಪ ವಯಸ್ಸಿನಲ್ಲಿ ಹಿರಿಯ, ಸಾಧು ಮನುಷ್ಯ. ಅವನ ಮುಖ ಸುಣ್ಣದ ಹಾಗಾಗಿತ್ತು. ಕಾಲರು ಬಿಡಿಸಿಕೊಳ್ಳದೆ ತನ್ನ ಫೋನನ್ನು ಎತ್ತಿ ವೆಂಕಟರಮಣನ ಕಣ್ಣಿಗೆ ಹಿಡಿದ.

"ನೀನೇ ಓದು. ನಾನು ಕೇಳಿದೀನಿ, ಕೆಲಸ ಮುಗೀತಾ, ಎಲ್ಲ ಇಳಿದ್ರಾ, ಲೈನ್ ಬಿಡ್ಲಾ ಅಂತ. ಕೆಳಗೆ ಓಕೆ ಅಂತ ಯಾರು ಕಳಿಸಿದ್ದು? ನಿನ್ನ ನಂಬರ್ ಅಲ್ವಾ ಇದು?"

ಅವನ ನಂಬರೇ. ವೆಂಕಟರಮಣ ತನ್ನ ಫೋನು ತೆಗೆದು ನೋಡಿದ. ಅಲ್ಲೂ ಅದೇ ಇತ್ತು. ಪ್ರಶ್ನೆ, ಅದರ ಕೆಳಗೆ ಓಕೆ.

"ನಾನು ಕಳಿಸಿಲ್ಲ."

"ಹಂಗಾದ್ರೆ ದೆವ್ವ ಕಳಿಸ್ತಾ?"

"ಫೋನು ಮರದಲ್ಲಿತ್ತು. ನನ್ನ ಎರಡೂ ಕೈಲಿ ಹಗ್ಗ ಇತ್ತು. ಯಾವ ದೇವರ ಮೇಲೆ ಬೇಕಾದ್ರೂ ಆಣೆ ಹಾಕ್ತೀನಿ." ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಒಂದು ಮಾತು ಫೋನ್ ಮಾಡಕ್ಕೆ ಎಂತ ಆಗಿತ್ತು ನಿಮಗೆ?"

"ಮಾಡಿದೆ ಕಣಾ. ಹೋಗ್ಲಿಲ್ಲ. ನಿಮ್ಮೂರಲ್ಲಿ ಯಾವತ್ತು ಹೋಗಿದೆ? ಈ ಕಡೆ ಜನ ಆಫೀಸಿಗೆ ಬಂದು ಕೂತಿದಾರೆ, ಮೇಲಿನವರು ಲೈನ್ ಯಾಕೆ ಇನ್ನೂ ಬಂದಿಲ್ಲ ಅಂತ ಬಡ್ಕೊಳ್ತಿದಾರೆ."

"ಓಕೆ ಅಂತ ಒಂದು ಅಕ್ಷರ ನೋಡಿ ಹನ್ನೊಂದು ಸಾವಿರ ವೋಲ್ಟ್ ಬಿಡ್ತೀರಾ?"

"ಇಷ್ಟು ವರ್ಷ ನೀನು ಎಂತ ಕಳಿಸ್ತಿದ್ದೆ ಮಾರಾಯ? ಪುರಾಣ ಬರೆದು ಕಳಿಸ್ತಿದ್ಯಾ? ಓಕೆ ಅಂತಲೇ ಕಳಿಸ್ತಿದ್ದೆ. ಅದನ್ನ ನೋಡ್ಕೊಂಡೇ ನಾನು ಬಿಡ್ತಿದ್ದೆ."

ಕಾಲರಿನ ಮೇಲಿನ ಕೈ ಸಡಿಲವಾಯಿತು. ಅಷ್ಟರಲ್ಲಿ ವಾಚು ನಡುಗಿತು. ಗಗನಾಳ ಮೆಸೇಜು, ಊಟ ಆಯ್ತಾ ಅಪ್ಪಯ್ಯ ಅಂತ. ವೆಂಕಟರಮಣ ಮಣಿಕಟ್ಟನ್ನು ನೋಡಿದ. ರೇನ್‌ಕೋಟಿನ ತೋಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ ಗಾಜಿನ ಮೇಲೆ ಬಿದ್ದು ಜಾರಿತು, ಇನ್ನೊಂದು ಬಿತ್ತು. ಅವನು ಬೆರಳು ತಾಗಿಸಿರಲಿಲ್ಲ. ಪುಟ್ಟ ಗಾಜಿನ ಮೇಲೆ ಮೆಸೇಜು ತಾನೇ ಮೇಲಕ್ಕೆ ಸರಿಯಿತು, ಮೂರು ಉತ್ತರಗಳು ಬಂದವು, ಮೇಲಿನದು ಒತ್ತಿಕೊಂಡಿತು. ಓಕೆ, ಹೋಯಿತು.

ಇಬ್ಬರೂ ಅದನ್ನೇ ನೋಡುತ್ತ ನಿಂತರು.

"ಎಂತ ಇದು?" ಅಂದ ವೃಷಭೇಂದ್ರಪ್ಪ. ಆಮೇಲೆ ಕುರ್ಚಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ವೆಂಕಟರಮಣ ವಾಚನ್ನು ಬಿಚ್ಚಿದ. ಅಲ್ಲೇ ನೆಲಕ್ಕೆ ಹೊಡೆದು ತುಳಿಯಬಹುದಿತ್ತು. ಆದರೆ ಅದನ್ನು ಕೊಟ್ಟವರ ಮುಂದೆ ತುಳಿಯಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದು ತಪ್ಪು, ಅದಕ್ಕೆ ಮತ್ತೆ ಕೊಪ್ಪದ ತನಕ ಹೋಗಬೇಕಿತ್ತು, ಆದರೆ ಸಿಟ್ಟಿನಲ್ಲಿರುವವನು ದೂರವನ್ನು ಅಳೆಯುವುದಿಲ್ಲ. ಕೊಪ್ಪದ ಅಂಗಡಿಯೊಳಗೆ ಅವನು ನೀರು ಸುರಿಸಿಕೊಂಡು ನುಗ್ಗಿದಾಗ ಗಗನಾ ಒಬ್ಬ ಹೆಂಗಸಿಗೆ ಅಂಥದೇ ವಾಚು ತೋರಿಸುತ್ತಿದ್ದಳು. ಎಷ್ಟು ಹೆಜ್ಜೆ ನಡೆದಿರಿ ಅಂತ ಹೇಳುತ್ತೆ, ನಿದ್ದೆ ಎಷ್ಟಾಯಿತು ಹೇಳುತ್ತೆ, ಅನ್ನುತ್ತಿದ್ದಳು.

"ಸತ್ತೋರು ಎಷ್ಟು ಅಂತಲೂ ಹೇಳುತ್ತೆ ಅಂತ ಹೇಳು," ಅಂದು ವೆಂಕಟರಮಣ ವಾಚನ್ನು ಗಾಜಿನ ಮೇಲೆ ಎಸೆದ. ಗಾಜು ಒಡೆಯಲಿಲ್ಲ. ವಾಚೂ ಒಡೆಯಲಿಲ್ಲ.

"ಎಂತ ಆಯ್ತು ಅಪ್ಪಯ್ಯ?"

ಹೇಳಿದ. ಅಂಗಡಿಯವರು, ಆ ಹೆಂಗಸು, ಹೊರಗೆ ಮಳೆಗೆ ನಿಂತಿದ್ದವರು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಸರಪಳಿ ಸಿಡಿದದ್ದು, ವೀರೇಶ ತಲೆಕೆಳಗಾಗಿ ನೇತಾಡಿದ್ದು, ನೀರಿನ ಹನಿ ಓಕೆ ಅಂದದ್ದು. ಗಗನಾ ವಾಚನ್ನು ಎತ್ತಿ ನೋಡಿದಳು.

"ಹನಿ ಗುರುತು ಒತ್ತಿರ್ಲಿಲ್ವಾ? ಅದನ್ನ ಒತ್ತಿದ್ರೆ ಗಾಜು ಲಾಕ್ ಆಗುತ್ತೆ. ನೀರು ಬಿದ್ರೂ, ಬಟ್ಟೆ ತಾಗಿದ್ರೂ ಎಂತದೂ ಆಗಲ್ಲ. ಆವತ್ತು ಹೇಳಕ್ಕೆ ಹೊರಟೆ. ನೀವು ಹೊರಗೆ ಹೋಗಿ ಯಾರಿಗೋ ಬೈತಾ ನಿಂತ್ರಿ."

"ಓ, ತಪ್ಪು ನಂದು."

"ಹಂಗಂದ್ನಾ ನಾನು?"

"ಲಾಕ್ ಹಾಕಿದ್ರೆ ಕಾಲ್ ಎತ್ತಕ್ಕೆ ಆಗುತ್ತಾ?"

ಗಗನಾ ವಾಚನ್ನು ಗಾಜಿನ ಮೇಲೆ ಇಟ್ಟಳು. ಆಮೇಲೆ, "ಇಲ್ಲ," ಅಂದಳು.

"ಹಂಗಾದ್ರೆ ಇದು ಎಂತಕ್ಕೆ ಮತ್ತೆ? ಮಳೇಲಿ ಲಾಕ್ ಹಾಕಿ ಇಟ್ಕೊಂಡ್ರೆ ಕೆಲಸಕ್ಕಿಲ್ಲ, ಲಾಕ್ ತೆಗೆದು ಇಟ್ಕೊಂಡ್ರೆ ಹೆಣ ಬೀಳುತ್ತೆ. ನಮ್ಮದು ವರ್ಷದಲ್ಲಿ ಅರ್ಧ ಮಳೆ. ಯಾರಿಗೆ ಮಾರ್ತಾ ಇದೀಯ, ಅವರು ಎಂತ ಕೆಲಸ ಮಾಡ್ತಾರೆ ಅಂತ ಕೇಳ್ತೀಯಾ ಒಂದಿನಾದ್ರೂ?"

"ಕೇಳಿದೀನಿ. ನಿಮ್ಮನ್ನೇ ಕೇಳಿದೆ. ಫೋನಿನ ಹತ್ರ ಓಡೋದು ತಪ್ಬೇಕು ಅಂದ್ರಿ. ಮಳೇಲಿ ಹಾಳಾಗ್ಬಾರ್ದು ಅಂದ್ರಿ. ತಪ್ಪಿತು. ಹಾಳೂ ಆಗ್ಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಒಬ್ಬ ಮನುಷ್ಯನ ಜೀವ ಮೆಸೇಜಲ್ಲಿ ಇಟ್ಟಿರ್ತೀರಿ ಅಂತ ನೀವು ಯಾವಾಗ ಹೇಳಿದ್ರಿ ಅಪ್ಪಯ್ಯ? ಹೇಳಿದ್ರೆ ವಾಚು ಕೊಡ್ತಿದ್ನಾ ನಾನು? ಆ ಫೋನನ್ನೂ ಕೊಡ್ತಿರ್ಲಿಲ್ಲ."

ವಾಚು ಕೊಳ್ಳಲು ಬಂದಿದ್ದ ಹೆಂಗಸು ಮೆಲ್ಲಗೆ ತನ್ನ ಕೊಡೆ ಬಿಡಿಸಿಕೊಂಡು ಹೊರಟಳು. ಅಂಗಡಿಯ ಮಾಲೀಕ ಏನೋ ಹೇಳಲು ಬಂದವನು ಅಪ್ಪ ಮಗಳ ಮುಖ ನೋಡಿ ಒಳಗೆ ಹೋದ.

ವೀರೇಶನ ಮನೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ. ಸಂಜೆ ಅವನನ್ನು ಮನೆಗೆ ಕಳಿಸಿದ್ದರು. ವೆಂಕಟರಮಣ ಹೋದಾಗ ಅವನು ಕೈಗೆ ದಪ್ಪ ಪಟ್ಟಿ ಸುತ್ತಿಕೊಂಡು ಗೋಡೆಗೆ ಒರಗಿದ್ದ. ಹುಬ್ಬಿಲ್ಲದ ಮುಖ ವಿಚಿತ್ರವಾಗಿ ಕಾಣುತ್ತಿತ್ತು. ಹೆಂಡತಿ ಅರ್ಪಣಾ ಪಕ್ಕದಲ್ಲಿ ನಿಂತಿದ್ದಳು, ಸೊಂಟದಲ್ಲಿ ಮಗು.

"ಬನ್ನಿ ರಮಣಣ್ಣ," ಅಂದ ವೀರೇಶ. "ಹುಬ್ಬು ತೆಗೆಸಕ್ಕೆ ಪೇಟೆಲಿ ದುಡ್ಡು ತಗಳ್ತಾರೆ. ನೀವು ಪುಕ್ಕಟೆ ಮಾಡ್ಸಿದ್ರಿ."

ವೆಂಕಟರಮಣ ನಗಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳಿದ. ವಾಚಿನ ಮೇಲೆ ಹಾಕಲಿಲ್ಲ, ವೃಷಭೇಂದ್ರಪ್ಪನ ಮೇಲೂ ಹಾಕಲಿಲ್ಲ. "ನನ್ನ ಕೈಯಿಂದ ಹೋಯ್ತು ಅದು," ಅಂದ.

ವೀರೇಶ ಪರವಾಗಿಲ್ಲ ಅನ್ನಲು ಹೊರಟಿದ್ದ. ಅರ್ಪಣಾ ತಡೆದಳು. ಅವಳು ಮೆಲ್ಲಗೆ ಮಾತಾಡುವ ಹುಡುಗಿ, ಆವತ್ತೂ ಮೆಲ್ಲಗೇ ಮಾತಾಡಿದಳು.

"ರಮಣಣ್ಣ, ನೀವು ಊರಿಗೆಲ್ಲ ಬೈತೀರಿ. ಎಲ್‌ಸಿ ಇಲ್ದೆ ಕಂಬ ಹತ್ತಿದ್ರೆ ಕಾಲು ಮುರೀತೀನಿ ಅಂತ ಇವರಿಗೆ ಬೈದಿದ್ದು ನಾನೇ ಕೇಳಿದೀನಿ. ಅದಕ್ಕೇ ನಿಮ್ಮ ಜೊತೆ ಹೋಗ್ತಾರೆ ಅಂದ್ರೆ ನನಗೆ ಧೈರ್ಯ ಇತ್ತು. ಒಂದು ಓಕೆಗೆ ಇವರನ್ನ ಬಿಟ್ರಲ್ಲ ನೀವು."

"ಹೌದು."

"ಹೌದು ಅಂದ್ರೆ ಆಯ್ತಾ?"

"ಎಂತ ಮಾಡ್ಬೇಕು ಹೇಳು."

"ಕೈ ವಾಸಿಯಾದ್ಮೇಲೆ ಇವರು ಮತ್ತೆ ಕಂಬ ಹತ್ತಲೇಬೇಕು, ಬೇರೆ ಎಂತ ಬರುತ್ತೆ ಇವರಿಗೆ. ಹತ್ತೋ ದಿನ ಇವರನ್ನ ಕರ್ಕೊಂಡು ಹೋಗಕ್ಕೆ ಬಂದಾಗ ಈ ಗೇಟಲ್ಲಿ ನಿಂತು ನಿಮ್ಮ ಎರಡೂ ಕೈ ನನಗೆ ತೋರಿಸಿ. ಬರೀ ಕೈ. ಅದು ನೋಡಿದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ."

"ಏ, ಎಂತ ಮಾತು ಅದು," ಅಂದ ವೀರೇಶ. ವೆಂಕಟರಮಣ ಅವನ ಕಡೆ ನೋಡಿದ ನೋಟಕ್ಕೆ ಅವನು ಸುಮ್ಮನಾದ.

ಮೇಷ್ಟ್ರ ಸೀಮೆಸುಣ್ಣಕ್ಕೆ ತಲೆ ಬಗ್ಗಿಸದ ಮನುಷ್ಯ, ಇಂಜಿನಿಯರುಗಳನ್ನು ಏಕವಚನದಲ್ಲಿ ಕರೆದವನು, ಆಗಸ್ಟು ಕೊನೆಯ ಒಂದು ಬೆಳಿಗ್ಗೆ ಆ ಗೇಟಿನ ಮುಂದೆ ಬೈಕು ನಿಲ್ಲಿಸಿ ರೇನ್‌ಕೋಟಿನ ತೋಳು ಮೊಣಕೈ ತನಕ ಮಡಿಸಿ ನಿಂತ. ರಸ್ತೆಯಲ್ಲಿ ಹೋಗುವವರು ನೋಡಿದರು. ಒಬ್ಬ, ಎಂತ ರಮಣಣ್ಣ ಇಂಜೆಕ್ಷನ್ನಾ, ಅಂದ. ನಿನ್ನಪ್ಪನಿಗೆ, ಅಂದ ವೆಂಕಟರಮಣ, ಕೈ ಮಾತ್ರ ಇಳಿಸಲಿಲ್ಲ. ಅರ್ಪಣಾ ಬಂದು ಎರಡೂ ಮಣಿಕಟ್ಟು ನೋಡಿದಳು, ಮುಂದೆ, ಹಿಂದೆ. ಒಳಗೆ ಹೋಗಿ ವೀರೇಶನ ಬೆಲ್ಟು ತಂದುಕೊಟ್ಟಳು.

ಆವತ್ತಿನ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಆದರೆ ಮೆಸೇಜಿನಲ್ಲಿ ಎಲ್‌ಸಿ ವಾಪಸ್ ಮಾಡುವುದು ಈಗ ನಿಂತುಹೋಗಿತ್ತು. ಮಾತು ಸಿಕ್ಕರೆ ಹೆಸರು ಹೇಳಿ, ಲೈನಿನ ಹೆಸರು ಹೇಳಿ, ಎಲ್ಲರೂ ಇಳಿದರು ಅಂತ ಬಾಯಿಬಿಟ್ಟು ಹೇಳಬೇಕು. ಸಿಗದಿದ್ದರೆ ಬೈಕಿನಲ್ಲಿ ಸ್ಟೇಷನ್ನಿಗೇ ಹೋಗಿ ವೃಷಭೇಂದ್ರಪ್ಪನ ಮುಂದೆ ನಿಂತು ಹೇಳಬೇಕು. ವೃಷಭೇಂದ್ರಪ್ಪ, ಇಷ್ಟಾದ ಮೇಲೆ ನಿನ್ನ ಬಾಯಿಂದ ಕೇಳದೆ ನಾನೇ ಬಿಡಲ್ಲ ಅಂದಿದ್ದ. ಇದರಿಂದ ಊರುಗಳು ಇನ್ನೊಂದು ಅರ್ಧ ಗಂಟೆ ಕತ್ತಲಲ್ಲಿರುತ್ತಿದ್ದವು. ಊರುಗಳು ಹಲ್ಲು ಕಡಿಯುತ್ತಿದ್ದವು.

ಸ್ಟೇಷನ್ನಿಗೆ ಮಾತಾಡಲು ಅವನು ಮರದಿಂದ ಫೋನು ಬಿಚ್ಚಿಕೊಳ್ಳುತ್ತಿದ್ದ ಹಾಗೇ ಅದು ಹೊಡೆದುಕೊಂಡಿತು.

"ರಮಣಣ್ಣ, ತಂತಿ ಕಟ್ಟಿ ಆಯ್ತಂತಲ್ಲ. ಮತ್ತೆ ಕರೆಂಟ್ ಎಂತಕ್ಕೆ ಬಂದಿಲ್ಲ? ಟ್ಯಾಂಕ್ ಖಾಲಿ ಆಗಿದೆ ಮಾರ್ರೆ."

ವೆಂಕಟರಮಣ ತಲೆ ಎತ್ತಿ ನೋಡಿದ. ವೀರೇಶ ಕಂಬದ ಅರ್ಧದಲ್ಲಿದ್ದ. ಹೊಸ ಚರ್ಮ ಬಂದ ಅಂಗೈ ಇನ್ನೂ ನೋಯುತ್ತಿತ್ತೇನೋ, ನಿಧಾನವಾಗಿ ಇಳಿಯುತ್ತಿದ್ದ.

"ಒಬ್ಬ ಮನುಷ್ಯ ಇಳೀತಾ ಇದಾನೆ," ಅಂದ ವೆಂಕಟರಮಣ. "ಅವನ ಕಾಲು ನೆಲಕ್ಕೆ ತಾಗ್ಲಿ. ಅಲ್ಲೀ ತನಕ ನೀವು ಸ್ನಾನ ಮಾಡ್ದಿದ್ರೆ ಯಾರೂ ಸಾಯಲ್ಲ."